ಪುಟ್ಟ ಮಕ್ಕಳ ಜೊತೆ ಆಲಪ್ಪುಳ: ಕೊಡಗಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನ ಮಕ್ಕಳಿಗೆ ನೀರು ಅಂದರೆ ಸದ್ದು. ಮಳೆಗಾಲದಲ್ಲಿ ತೋಟದ ಪಕ್ಕದ ತೋಡು ರಾತ್ರಿಯೆಲ್ಲ ಮೊರೆಯುತ್ತದೆ. ಇರ್ಪು, ಅಬ್ಬಿ ಜಲಪಾತಗಳಲ್ಲಿ ನೀರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಆ ಸದ್ದು ಕೇಳಿದರೆ ಮೂರು ವರ್ಷದ ಮಗುವೂ ತಾನಾಗಿ ನಮ್ಮ ಕೈ ಹಿಡಿದುಕೊಳ್ಳುತ್ತದೆ. ಕೇರಳದ ಆಲಪ್ಪುಳದ ನೀರು ಹಾಗಲ್ಲ. ರಸ್ತೆ ಪಕ್ಕ, ಅಂಗಡಿ ಮುಂದೆ, ಮನೆ ಮೆಟ್ಟಿಲಿಗೆ ತಾಗಿಕೊಂಡು ಸುಮ್ನೆ ನಿಂತಿರುತ್ತದೆ. ಅಂತರಗಂಗೆ ಎಂಬ ತೇಲುವ ಕಳೆ ಮುಚ್ಚಿದ ಕಡೆಯಂತೂ ಹಸಿರು ಹುಲ್ಲಿನ ಹಾಗೇ ಕಾಣುತ್ತದೆ. ನನ್ನ ಮಗ ಎರಡೂವರೆ ವರ್ಷದವನಿದ್ದಾಗ ಅದನ್ನು ಹುಲ್ಲು ಎಂದುಕೊಂಡು ಕಾಲಿಡಲು ಹೋಗಿದ್ದ. ಅವನ ಅಂಗಿಯ ಬೆನ್ನು ನನ್ನ ಮುಷ್ಟಿಯಲ್ಲಿತ್ತು. ಅದಕ್ಕೇ ಉಳಿದ.

ಹಾಗಂತ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ನಾವು ಮೂರು ಸಲ ಹೋಗಿದ್ದೇವೆ. ವಿರಾಜಪೇಟೆ ಕಡೆಯಿಂದ ಒಂದೂವರೆ ದಿನದಲ್ಲಿ ಆರಾಮಾಗಿ ತಲುಪಬಹುದಾದ ಊರು. ಬಸ್ ಬದಲು ಬೋಟು ಓಡುವ ಊರನ್ನು ಮಗು ಒಂದು ಸಲ ನೋಡಿದರೆ ಅದರ ಆಟ, ಚಿತ್ರ, ಕನಸು ಎಲ್ಲಾ ಬದಲಾಗುತ್ತದೆ. ಆದರೆ ಈ ಸದ್ದಿಲ್ಲದ ನೀರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಡೀ ಪ್ರವಾಸ ಹೆಣೆಯಬೇಕು. ಮೊದಲ ಸಲ ನಾವು ಹಾಗೆ ಮಾಡಲಿಲ್ಲ. ಆಮೇಲೆ ಕಲಿತೆವು. ಇಲ್ಲಿ ಬರೆದಿರುವುದು ಏಳು ವರ್ಷದೊಳಗಿನ ಮಕ್ಕಳಿರುವವರಿಗೆ.

ಊರಿನ ಬಗ್ಗೆ ಎರಡು ಮಾತು

ಆಲಪ್ಪುಳ ತಾನಾಗಿ ಬೆಳೆದ ಊರಲ್ಲ, ಕಟ್ಟಿದ ಊರು. 18ನೇ ಶತಮಾನದಲ್ಲಿ ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸ ಇಲ್ಲಿ ಬಂದರು ಬೆಳೆಸಿದರು. ಪೂರ್ವಕ್ಕೆ ವೇಂಬನಾಡು ಕಾಯಲು, ಅಂದರೆ ಹಿನ್ನೀರಿನ ಸರೋವರ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ಒಳನಾಡಿನ ಮೆಣಸು, ಏಲಕ್ಕಿ, ತೆಂಗು ಹಡಗಿಗೆ ತಲುಪಬೇಕಲ್ವಾ? ಅದಕ್ಕೆ ಎರಡು ಕಾಲುವೆ ತೋಡಿಸಿದರು. ಒಂದು ವಾಡೈ ಕಾಲುವೆ, ಇನ್ನೊಂದು ಕಮರ್ಷಿಯಲ್ ಕಾಲುವೆ. ಊರಿನ ನಡುವೆ ಎರಡೂ ಹೆಚ್ಚುಕಮ್ಮಿ ಜೊತೆಜೊತೆಯಾಗಿ ಹೋಗುತ್ತವೆ. ಕಛ್, ಸೂರತ್ ಕಡೆಯ ವ್ಯಾಪಾರಿಗಳನ್ನೂ ಆಗ ಕರೆಸಿಕೊಂಡಿದ್ದರು. ಗುಜರಾತಿಗಳ ಬೀದಿ, ಜೈನ ಬಸದಿ ಈಗಲೂ ಇವೆ.

ಮಕ್ಕಳಿಗೆ ಇಷ್ಟೆಲ್ಲ ಬೇಡ. ನಾನು ಹೇಳಿದ್ದು ಒಂದೇ: "ನಮ್ಮ ಮೆಣಸಿನ ಹಾಗೇ ಇಲ್ಲೂ ಮೆಣಸು ಬೆಳೀತಿತ್ತು. ಅದು ಲಾರಿಯಲ್ಲಲ್ಲ, ದೋಣಿಯಲ್ಲಿ ಹೋಗ್ತಿತ್ತು." ಕಣದಲ್ಲಿ ಮೆಣಸು ಒಣಗಿಸುವುದನ್ನು ದಿನಾ ನೋಡುವ ಮಗುವಿಗೆ ಅಷ್ಟು ಸಾಕು. ಆಮೇಲೆ ಪ್ರತಿ ಕಾಲುವೆಯಲ್ಲೂ ನನ್ನ ಮಗಳು ಮೆಣಸಿನ ದೋಣಿ ಹುಡುಕುತ್ತಿದ್ದಳು.

ಹೆಜ್ಜೆ 1: ದಿನ ನೋಡಿಕೊಳ್ಳಿ

ನಮಗೆ ಇದು ದೊಡ್ಡ ತಲೆನೋವು. ಅಲ್ಲಿ ಹವೆ ಚೆನ್ನಾಗಿರುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ನಮ್ಮಲ್ಲಿ ಅದೇ ಹೊತ್ತಿಗೆ ಕಾಫಿ ಕೊಯ್ಲು. ರೋಬಸ್ಟಾ ತೋಟದವರಿಗೆ ಒಂದು ಸಂದಿ ಸಿಗುತ್ತದೆ: ಹುತ್ತರಿ ಮುಗಿದ ಮೇಲೆ, ಕೊಯ್ಲು ಬಿರುಸಾಗುವ ಮೊದಲು, ಡಿಸೆಂಬರ್ ನಡುವೆ. ಮಗು ಇನ್ನೂ ಶಾಲೆಗೆ ಸೇರಿಲ್ಲವಾದರೆ ಇದೇ ಒಳ್ಳೆಯ ಸಮಯ. ಮುಲ್ಲಕ್ಕಲ್ ಬೀದಿಯಲ್ಲಿ ಡಿಸೆಂಬರ್ ತಿಂಗಳಲ್ಲೇ ಚಿರಪ್ಪು ಉತ್ಸವ ಬರುತ್ತದೆ. ದೀಪ, ಆಟಿಕೆ ಅಂಗಡಿ, ಜನ. ಕ್ರಿಸ್‌ಮಸ್ ರಜೆ ಶುರುವಾದ ಮೇಲೆ ಮಾತ್ರ ಹೋಗಬೇಡಿ. ರೂಮು, ಹೌಸ್‌ಬೋಟ್ ಎಲ್ಲದರ ದರ ಏರಿಬಿಡುತ್ತದೆ.

ದಸರಾ ರಜೆಯಲ್ಲಿ ಹೋಗುವವರು ಒಂದು ನೆನಪಿಡಿ. ಅಕ್ಟೋಬರ್‌ನಲ್ಲಿ ಕೇರಳಕ್ಕೆ ಹಿಂಗಾರು. ಬೆಳಿಗ್ಗೆ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಗುಡುಗು ಮಿಂಚು. ಹಾಗಾಗಿ ನೀರಿನ ಮೇಲಿನ ಕೆಲಸವೆಲ್ಲ ಮಧ್ಯಾಹ್ನದೊಳಗೆ ಮುಗಿಸಬೇಕು. ಏಪ್ರಿಲ್, ಮೇ ಬೇಡವೇ ಬೇಡ. ನಮ್ಮ ಚಳಿಗೆ ಒಗ್ಗಿದ ಮೈ ಆ ಸೆಕೆಗೆ ಎರಡೇ ದಿನದಲ್ಲಿ ಬೆವರುಸಾಲೆ ಏಳುತ್ತದೆ.

ಆಗಸ್ಟ್‌ನಲ್ಲಿ ಪುನ್ನಮಡ ಕಾಯಲಿನಲ್ಲಿ ನೆಹರು ಟ್ರೋಫಿ ದೋಣಿ ಸ್ಪರ್ಧೆ ನಡೆಯುತ್ತದೆ. 1952ರಲ್ಲಿ ನೆಹರು ಬಂದಾಗ ಶುರುವಾದದ್ದು. ಉದ್ದನೆಯ ಚುಂಡನ್ ವಳ್ಳಂ (ಹಾವಿನ ಆಕಾರದ ದೋಣಿ), ನೂರರಷ್ಟು ಜನ ಒಟ್ಟಿಗೆ ಹುಟ್ಟು ಹಾಕುವುದು, ನಿಜಕ್ಕೂ ಮೈ ಜುಮ್ಮೆನ್ನುತ್ತದೆ. ಆದರೂ ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ. ಗಂಟೆಗಟ್ಟಲೆ ಕಾಯಬೇಕು, ಜನಜಂಗುಳಿಯಲ್ಲಿ ಮಗುವನ್ನು ಎತ್ತಿಕೊಂಡೇ ನಿಲ್ಲಬೇಕು. ಅದೇ ಹೊತ್ತಿಗೆ ನಮ್ಮ ಮಾಕುಟ್ಟ ಘಾಟಿಯಲ್ಲಿ ಮಣ್ಣು ಕುಸಿಯುವ ಭಯ ಬೇರೆ.

ಹೆಜ್ಜೆ 2: ದಾರಿಯನ್ನು ಎರಡು ತುಂಡು ಮಾಡಿ

ಕೊಡಗಿಗೆ ರೈಲಿಲ್ಲ. ಹಾಗಾಗಿ ಘಾಟಿ ಇಳಿದು ಕಣ್ಣೂರಿಗೆ ಹೋಗಿ ರೈಲು ಹತ್ತಬೇಕು. ಎಲ್ಲರೂ ಮಾಡುವ ತಪ್ಪು ಏನೆಂದರೆ, ರಾತ್ರಿ ಮೂರು ಗಂಟೆಗೆ ಮಕ್ಕಳನ್ನು ಎಬ್ಬಿಸಿ, ಕಾರಿಗೆ ಹಾಕಿ, ಬೆಳಗಿನ ರೈಲು ಹಿಡಿಯುವುದು. ಮಾಕುಟ್ಟದ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡುತ್ತಾರೆ. ಆಮೇಲೆ ರೈಲಿನಲ್ಲಿ ದಿನವಿಡೀ ಅಳು.

ಹಿಂದಿನ ದಿನ ಊಟ ಮಾಡಿ ಎರಡು ಗಂಟೆ ಬಿಟ್ಟು ಹೊರಡಿ. ಪೆರುಂಬಾಡಿ ದಾಟಿದ ಮೇಲೆ ಮೊಬೈಲ್ ತೋರಿಸಬೇಡಿ, ಹೊರಗೆ ನೋಡಲು ಹೇಳಿ. ಕಿಟಕಿ ಸ್ವಲ್ಪ ಇಳಿಸಿ. ನಾವು ಶುಂಠಿ ಮಿಠಾಯಿ ಕೊಡುತ್ತೇವೆ. ಕೂಟುಪುಳ ಸೇತುವೆ ಹತ್ತಿರ ನಿಲ್ಲಿಸಿ ಕೆಳಗೆ ಹರಿಯುವ ಹೊಳೆ ತೋರಿಸಿ. ಅದು ನಮ್ಮ ಬರಪೊಳೆ. ಕಾವೇರಿ ಪೂರ್ವಕ್ಕೆ ಹೋದರೆ ಇದು ಪಶ್ಚಿಮಕ್ಕೆ ಇಳಿಯುತ್ತದೆ, ವಳಪಟ್ಟಣಂ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. "ನಾವೂ ಅದರ ಹಿಂದೆಯೇ ಹೋಗ್ತಿದ್ದೇವೆ" ಎಂದರೆ ಮಕ್ಕಳಿಗೆ ಪ್ರಯಾಣಕ್ಕೆ ಒಂದು ಕಥೆ ಸಿಗುತ್ತದೆ.

ಇರಿಟ್ಟಿ, ಮಟ್ಟನ್ನೂರು ಮೇಲೆ ಸಂಜೆಗೆ ಕಣ್ಣೂರು. ಪಯ್ಯಾಂಬಲಂ ಕಡಲತೀರದಲ್ಲಿ ಅರ್ಧ ಗಂಟೆ ಆಡಿಸಿ ಮಲಗಿಸಿ. ಮರುದಿನದ ರೈಲಿಗೆ ಎರಡು ಒಳ್ಳೆಯ ಆಯ್ಕೆಗಳಿವೆ. ಕಣ್ಣೂರು–ಆಲಪ್ಪುಳ ಎಕ್ಸಿಕ್ಯೂಟಿವ್ ಎಕ್ಸ್‌ಪ್ರೆಸ್ ನಸುಕಿನಲ್ಲಿ ಅಲ್ಲಿಂದಲೇ ಹೊರಡುತ್ತದೆ. ಮಂಗಳೂರಿನಿಂದ ಬರುವ, ಆಲಪ್ಪುಳ ಮೂಲಕ ತಿರುವನಂತಪುರಕ್ಕೆ ಹೋಗುವ ವಂದೇ ಭಾರತ್ ಬೆಳಿಗ್ಗೆ ಸ್ವಲ್ಪ ತಡವಾಗಿ ಕಣ್ಣೂರು ಮುಟ್ಟುತ್ತದೆ. ದುಡ್ಡು ಜಾಸ್ತಿ, ಆದರೆ ಮಕ್ಕಳ ನಿದ್ದೆ ಕೆಡುವುದಿಲ್ಲ. ವಾರದಲ್ಲಿ ಒಂದು ದಿನ ಅದು ಓಡುವುದಿಲ್ಲ, ನೋಡಿಕೊಂಡು ಬುಕ್ ಮಾಡಿ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ಕುರ್ಚಿ ಬೋಗಿಯಲ್ಲಿ ಮೂರು ವರ್ಷದ ಮಗುವನ್ನು ಐದು ಗಂಟೆ ತೊಡೆ ಮೇಲೆ ಕೂರಿಸಿಕೊಳ್ಳುವುದು ಕಷ್ಟ. ಟಿಕೆಟ್ ಕೊಂಡು ಸೀಟು ಮಾಡಿಸಿ.

ಕಾರಿನಲ್ಲೇ ಪೂರ್ತಿ ಹೋಗುತ್ತೇವೆ ಎನ್ನುವವರಿಗೆ ನನ್ನ ಸಲಹೆ, ಬೇಡ. ಆ ಹೆದ್ದಾರಿಯ ವಾಹನ ಸಂದಣಿಯಲ್ಲಿ ದೊಡ್ಡವರೇ ಸುಸ್ತಾಗುತ್ತಾರೆ. ರೈಲಿನಲ್ಲಿ ಮಾಹೆ, ಭಾರತಪ್ಪುಳ, ಆಲುವದ ಹತ್ತಿರ ಪೆರಿಯಾರ್, ಹೀಗೆ ಹೊಳೆಗಳನ್ನೆಲ್ಲಾ ದಾಟುತ್ತೀರಿ. ನಮ್ಮ ದೊಡ್ಡವಳು ಹೊಳೆ ಎಣಿಸುತ್ತಾ ಕೂತಳು, ಹದಿನೇಳಕ್ಕೆ ಲೆಕ್ಕ ತಪ್ಪಿತು.

ಹೆಜ್ಜೆ 3: ಉಳಿಯುವ ಜಾಗ

ರೈಲ್ವೆ ಸ್ಟೇಷನ್ ಸಮುದ್ರದ ಕಡೆ ಇದೆ. ಬೋಟು ಜೆಟ್ಟಿ, ಬಸ್ ಸ್ಟ್ಯಾಂಡ್ ಎರಡೂ ಊರಿನ ಪೂರ್ವಕ್ಕೆ, ಒಂದಕ್ಕೊಂದು ಹತ್ತಿರ. ನಡುವೆ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಕಡಲತೀರದ ಕಡೆ ಉಳಿಯುವುದು ನನಗೆ ಇಷ್ಟ. ಸಂಜೆ ಮಕ್ಕಳನ್ನು ಮರಳಿನಲ್ಲಿ ಬಿಡಬಹುದು, ಗಾಳಿ ಇರುತ್ತದೆ, ಸೊಳ್ಳೆ ಕಡಿಮೆ.

ಕಾಲುವೆಯ ಆಚೆ ದಡದಲ್ಲಿ, ಸಣ್ಣ ದೋಣಿಯಲ್ಲೇ ದಾಟಿ ಹೋಗಬೇಕಾದ ಹೋಮ್‌ಸ್ಟೇಗಳೂ ಇವೆ. ಫೋಟೋದಲ್ಲಿ ತುಂಬಾ ಚಂದ. ಮಕ್ಕಳು ದೊಡ್ಡವರಾದ ಮೇಲೆ ಹೋಗಿ. ರಾತ್ರಿ ಎರಡಕ್ಕೆ ಮಗುವಿಗೆ ಜ್ವರ ಏರಿದರೆ ದೋಣಿಯವರನ್ನು ಎಬ್ಬಿಸಬೇಕಾಗುತ್ತದೆ. ಬುಕ್ ಮಾಡುವಾಗ ಈ ಮೂರು ಕೇಳಿ: ಬಾಗಿಲಿಗೆ ಆಟೋ ಬರುತ್ತದಾ? ಅಂಗಳಕ್ಕೂ ನೀರಿಗೂ ನಡುವೆ ಗೇಟು ಇದೆಯಾ? ಕಿಟಕಿಗೆ ಸೊಳ್ಳೆ ಜಾಲಿ ಇದೆಯಾ?

ಹೆಜ್ಜೆ 4: ಬಟ್ಟೆಗಿಂತ ಮೊದಲು ಲೈಫ್ ಜಾಕೆಟ್

ಈ ಒಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಮಗುವಿನ ಅಳತೆಯ ಲೈಫ್ ಜಾಕೆಟ್ ಊರಿಂದಲೇ ತೆಗೆದುಕೊಂಡು ಹೋಗಿ.

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 22 ಜನ ತೀರಿಕೊಂಡರು. ಅರ್ಧಕ್ಕಿಂತ ಹೆಚ್ಚು ಮಕ್ಕಳು. ದೋಣಿಯಲ್ಲಿ ಮಿತಿಗಿಂತ ಜಾಸ್ತಿ ಜನ ಇದ್ದರು. ನೀವು ಹೋಗುವ ರೈಲು ಆ ತಾನೂರನ್ನು ದಾಟಿಯೇ ಹೋಗುತ್ತದೆ. ಪ್ರತಿ ಸಲ ಆ ಬೋರ್ಡು ಕಂಡಾಗ ನಾನು ಚೀಲದೊಳಗೆ ಕೈ ಹಾಕಿ ಜಾಕೆಟ್ ಮುಟ್ಟಿ ನೋಡುತ್ತೇನೆ.

ಬೋಟುಗಳಲ್ಲಿ ಜಾಕೆಟ್ ಇರುತ್ತದೆ, ಆದರೆ ದೊಡ್ಡವರ ಅಳತೆಯದ್ದೇ ಜಾಸ್ತಿ. ದೊಡ್ಡ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಕೊಳ್ಳುವಾಗ ವಯಸ್ಸು ನೋಡಬೇಡಿ. ಒಳಗೆ ಅಚ್ಚಾಗಿರುವ ತೂಕ ನೋಡಿ, ಮಗುವಿನ ತೂಕ ಅದರೊಳಗೆ ಬರಬೇಕು. ತೊಡೆಸಂದಿಯಲ್ಲಿ ಹಾಯಿಸಿ ಮುಂದೆ ಕಟ್ಟುವ ಪಟ್ಟಿ ಇರಲೇಬೇಕು. ಕುತ್ತಿಗೆ ಹಿಂದೆ ದಪ್ಪ ಕಾಲರ್ ಇದ್ದರೆ ಇನ್ನೂ ಒಳ್ಳೆಯದು, ತಲೆಯನ್ನು ಮೇಲೆ ಹಿಡಿಯುತ್ತದೆ. ಗಾಳಿ ತುಂಬುವ ತೋಳುಪಟ್ಟಿ, ಟ್ಯೂಬು ಇವೆಲ್ಲ ಆಟದ ಸಾಮಾನು.

ಮನೆಯಲ್ಲೇ ಪರೀಕ್ಷೆ ಮಾಡಿ. ಜಾಕೆಟ್ ಹಾಕಿ, ಎಲ್ಲಾ ಬಕಲ್ ಬಿಗಿಯಿರಿ. ಎರಡೂ ಭುಜದ ಹತ್ತಿರ ಜಾಕೆಟ್ಟನ್ನೇ ಹಿಡಿದು ಮಗುವನ್ನು ಮೆಲ್ಲ ಮೇಲೆತ್ತಿ. ಜಾಕೆಟ್ ಗಲ್ಲ ದಾಟಿ ಕಿವಿಗೆ ಬಂದರೆ ಅದು ಸಡಿಲ. ಆಮೇಲೆ ಒಂದು ವಾರ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿ ಆಡಲು ಬಿಡಿ. ಮೊದಲ ಸಲ ಬೋಟು ಹತ್ತುವಾಗ ಹಾಕಲು ಹೋದರೆ ರಂಪ ಮಾಡುತ್ತಾರೆ. ನಮ್ಮವನು ಅದನ್ನು ಹಾಕಿಕೊಂಡೇ ಕಣದಲ್ಲಿ ಕೋಳಿ ಓಡಿಸುತ್ತಿದ್ದ. ಅಲ್ಲಿಗೆ ಹೋದಾಗ ತಾನಾಗಿ ಕೇಳಿ ಹಾಕಿಸಿಕೊಂಡ.

ತಳ್ಳುಗಾಡಿ ಬಿಟ್ಟುಬಿಡಿ. ಕಾಲುವೆ ಪಕ್ಕದ ದಾರಿಯಲ್ಲಿ ಎಲ್ಲಾ ಕಡೆ ಅದು ಉರುಳುವುದಿಲ್ಲ, ಬೋಟಿಗೆ ಎತ್ತಲೂ ಆಗುವುದಿಲ್ಲ. ಎದೆಗೆ ಕಟ್ಟಿಕೊಳ್ಳುವ ಚೀಲ ಸಾಕು. ಮಗುವಿಗೆ ಕೆಂಪೋ ಹಳದಿಯೋ ಬಟ್ಟೆ ಹಾಕಿ. ಹಸಿರು, ನೀಲಿ ಬಣ್ಣ ಆ ನೀರಿನಲ್ಲಿ ಕಾಣುವುದಿಲ್ಲ.

ಹೆಜ್ಜೆ 5: ಮೊದಲ ದಿನ ದೋಣಿ ಬೇಡ

ಮಧ್ಯಾಹ್ನ ತಲುಪಿದಾಗ ಎಲ್ಲರಿಗೂ ಕಾಲುವೆ ನೋಡುವ ಆಸೆ. ತಡೆದುಕೊಳ್ಳಿ. ಊಟ, ನಿದ್ದೆ, ಆಮೇಲೆ ಕಡಲತೀರ. ಸಮುದ್ರದೊಳಗೆ ಚಾಚಿಕೊಂಡಿದ್ದ ಹಳೆಯ ಹಡಗುಕಟ್ಟೆಯ ಕಂಬಗಳು ಕಾಣುತ್ತವೆ. 150 ವರ್ಷಕ್ಕೂ ಹಳೆಯದು. ಹತ್ತಿರದಲ್ಲೇ 1862ರ ಲೈಟ್‌ಹೌಸ್, ಕೆಂಪು ಬಿಳಿ ಪಟ್ಟೆಯದ್ದು. ಒಳಗೆ ಸುತ್ತು ಮೆಟ್ಟಿಲು. ಐದು ದಾಟಿದ ಮಗು ಹತ್ತುತ್ತದೆ. ಅದಕ್ಕಿಂತ ಚಿಕ್ಕವರನ್ನು ಒಬ್ಬರು ಕೆಳಗೇ ಆಡಿಸಲಿ. ಅಲೆ ಇಲ್ಲಿ ಜೋರು, ಪಾದ ನೆನೆಯುವಷ್ಟು ಸಾಕು.

ಮೇಲಿನಿಂದ ನೋಡಿದರೆ ಊರು ಅರ್ಥವಾಗುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಣ್ಣು ಹೋಗುವಷ್ಟು ದೂರ ತೆಂಗು. ಆ ತೆಂಗಿನ ಕೆಳಗೆ ನೀರಿದೆ ಎಂದು ಮರುದಿನಕ್ಕೆ ಕುತೂಹಲ ಉಳಿಸಿ.

ಸಂಜೆ ವಾಪಸ್ ಬರುವಾಗ ಕಾಲುವೆ ಪಕ್ಕ ಒಂದು ಹತ್ತು ನಿಮಿಷ ನಿಲ್ಲಿ. ಆಗ ಮಕ್ಕಳಿಗೆ ನೀರಿನ ಪಾಠ ಹೇಳಿ. ನಾನು ಒಂದು ಕಲ್ಲು ಕೊಟ್ಟು ಅಂತರಗಂಗೆ ಮೇಲೆ ಹಾಕಿಸಿದೆ. ಗುಳುಂ ಎಂದು ಹೋಯಿತು, ಹಸಿರು ಮತ್ತೆ ಮುಚ್ಚಿಕೊಂಡಿತು. ಮಗಳು ತುಂಬಾ ಹೊತ್ತು ಅಲ್ಲೇ ನೋಡುತ್ತಾ ನಿಂತಳು. "ಅದರೊಳಗೆ ನೀರುಂಟಾ?" ಎಂದು ಕೇಳಿದಳು. ಎಷ್ಟು ಬೈದರೂ ಹೇಳಲಾಗದ್ದನ್ನು ಆ ಕಲ್ಲು ಹೇಳಿತು. ಆಮೇಲೆ ನಿಯಮ ಮಾಡಿಕೊಂಡೆವು: ರಸ್ತೆಯಲ್ಲಿ ನಡೆಯುವಾಗ ನೀರಿನ ಕಡೆ ದೊಡ್ಡವರು, ಗೋಡೆಯ ಕಡೆ ಮಕ್ಕಳು. ಒಬ್ಬ ದೊಡ್ಡವರಿಗೆ ಒಂದು ಮಗು, ಹೆಸರು ಹೇಳಿ ಹಂಚಿಕೊಳ್ಳಬೇಕು. "ನೀವು ನೋಡ್ತಿದ್ದೀರಿ ಅಂದ್ಕೊಂಡೆ" ಎಂಬ ಮಾತಿಗೆ ಜಾಗ ಇರಬಾರದು.

ಹೆಜ್ಜೆ 6: ಎರಡನೇ ದಿನ ಸರ್ಕಾರಿ ಬೋಟು

ಇದೇ ಇಡೀ ಪ್ರವಾಸದ ತಿರುಳು. ಹೌಸ್‌ಬೋಟ್‌ಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಕೇರಳದ ಜಲಸಾರಿಗೆ ಇಲಾಖೆಯ ಸಾದಾ ಬೋಟು ಹತ್ತಿ. ನಮ್ಮ ಸರ್ಕಾರಿ ಬಸ್ಸಿನ ಹಾಗೆ, ಜನ ಕೆಲಸಕ್ಕೆ, ಸಂತೆಗೆ, ಶಾಲೆಗೆ ಹೋಗುವ ಬೋಟು. ಇಲಾಖೆಯ ಮುಖ್ಯ ಕಚೇರಿಯೇ ಆಲಪ್ಪುಳದಲ್ಲಿದೆ. ಟಿಕೆಟ್ ದರ ಬಸ್ಸಿನಷ್ಟೇ.

ಯಾವ ಬೋಟು? ಕೋಟ್ಟಯಂಗೆ ಹೋಗುವುದು ಎರಡೂವರೆ ಗಂಟೆ, ಸಣ್ಣವರಿಗೆ ಜಾಸ್ತಿ. ಇಲಾಖೆಯದ್ದೇ ವೇಗ ಎಂಬ ಪ್ರವಾಸಿ ಬೋಟು ಪಾದಿರಾಮಣಲ್ ದ್ವೀಪದ ಕಡೆ ಹೋಗುತ್ತದೆ, ಅದು ಇನ್ನೂ ಉದ್ದ. ನೆಡುಮುಡಿ ಬೋಟು ಸರಿಯಾದ ಅಳತೆ. ಇನ್ನೂ ಒಂದು ಅನುಕೂಲ ಇದೆ. ಆಲಪ್ಪುಳ–ಚಂಗನಾಶ್ಶೇರಿ ರಸ್ತೆ ನೆಡುಮುಡಿ ಮೇಲೆಯೇ ಹೋಗುತ್ತದೆ. ಹೋಗುವಾಗ ನೀರಿನ ಮೇಲೆ, ಬರುವಾಗ ಬಸ್ಸಿನಲ್ಲಿ. ಮಕ್ಕಳಿಗೆ ಬೇಜಾರು ಬರುವ ಹೊತ್ತಿಗೆ ಬೋಟು ಮುಗಿದಿರುತ್ತದೆ.

ಬೆಳಿಗ್ಗೆ ಶಾಲೆ, ಆಫೀಸಿನ ಗಡಿಬಿಡಿ ಕಳೆದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ಜೆಟ್ಟಿಗೆ ಹೋಗಿ. ಹತ್ತುವುದು ಹೀಗೆ: ಮೊದಲು ಒಬ್ಬ ದೊಡ್ಡವರು ಕೈಯಲ್ಲಿ ಏನೂ ಇಲ್ಲದೆ ಹತ್ತಿ ತಿರುಗಿ ನಿಲ್ಲಬೇಕು. ಆಮೇಲೆ ಮಗುವನ್ನು ಎತ್ತಿ ಅವರ ಕೈಗೆ ಕೊಡಬೇಕು. ಚೀಲ ಕೊನೆಗೆ. ಮಗುವನ್ನು ಎತ್ತಿಕೊಂಡು ಬೋಟಿಗೆ ಹಾರಬೇಡಿ. ಬೋಟಿಗೂ ಕಟ್ಟೆಗೂ ನಡುವಿನ ಸಂದು ಅಲೆಗೆ ಅಗಲವಾಗುತ್ತದೆ, ಕಿರಿದಾಗುತ್ತದೆ. ಒಳಗೆ ಹೋದ ಮೇಲೆ ಮಧ್ಯದ ಸಾಲಿನಲ್ಲಿ ಕೂರಿ. ಕಿಟಕಿ ಸೀಟು ಬೇಕೇ ಬೇಕು ಎಂದರೆ ಮಗು ತೊಡೆ ಮೇಲೆ, ಎರಡು ಕೈ ಸೊಂಟಕ್ಕೆ.

ಮುಂದೆ ಚಕ್ರ ಹಿಡಿದವರನ್ನು ಸ್ರಾಂಕ್ ಎನ್ನುತ್ತಾರೆ. ಎಂಜಿನ್ ಹತ್ತಿರ ಇರುವ ಡ್ರೈವರ್‌ಗೆ ಅವರು ಹಗ್ಗ ಎಳೆದು ಗಂಟೆ ಬಾರಿಸಿ ಹೇಳುತ್ತಾರೆ. ಹಗ್ಗ ಹಿಡಿದು ಕಟ್ಟೆಗೆ ಹಾರುವವರು ಲಸ್ಕರ್. ಮಕ್ಕಳಿಗೆ ಆ ಗಂಟೆ ಕೇಳಲು ಹೇಳಿ. ಟಿಣ್ ಎಂದ ತಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ, ಬೋಟು ನಿಧಾನ ಆಗುತ್ತದೆ, ಯಾರೋ ಒಬ್ಬರು ಕೊಡೆ ಹಿಡಿದು ತಮ್ಮ ಮನೆ ಮುಂದಿನ ಕಟ್ಟೆಗೆ ಇಳಿಯುತ್ತಾರೆ. ನಮ್ಮವನು ಪ್ರತಿ ಗಂಟೆಗೂ ಟಿಣ್ ಎನ್ನುತ್ತಿದ್ದ. ಲಸ್ಕರ್ "ಮೋನೇ" (ಮಗನೇ) ಎಂದು ಕರೆದು ಇಳಿಯುವ ಮುಂಚಿನ ಕೊನೆಯ ಗಂಟೆಯನ್ನು ಅವನ ಕೈಯಲ್ಲೇ ಬಾರಿಸಿಸಿದರು. ಮನೆಗೆ ಬಂದು ಒಂದು ತಿಂಗಳು ಪಾತ್ರೆ ಬಡಿದು ಎಲ್ಲರನ್ನೂ ಇಳಿಸಿದ.

ದಾರಿಯಲ್ಲಿ ಒಂದು ವಿಷಯ ತಪ್ಪದೆ ತೋರಿಸಿ. ಇದು ಕುಟ್ಟನಾಡು. ಇಲ್ಲಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ 1ರಿಂದ 3 ಮೀಟರ್ ಕೆಳಗಿವೆ. ಬೋಟಿನಲ್ಲಿ ಕೂತು ಬದುವಿನ ಆಚೆ ನೋಡಿದರೆ ಗದ್ದೆ ನಮಗಿಂತ ಕೆಳಗೆ ಕಾಣುತ್ತದೆ. ನಮ್ಮಲ್ಲಿ ಗುಡ್ಡದ ನೀರು ಇಳಿದು ಗದ್ದೆಗೆ ಬರುತ್ತದೆ, ಗದ್ದೆಯಿಂದ ತೋಡಿಗೆ ಹೋಗುತ್ತದೆ. ಇಲ್ಲಿ ತೋಡೇ ಮೇಲೆ, ಗದ್ದೆ ಕೆಳಗೆ! ಗದ್ದೆಯ ನೀರನ್ನು ಮೇಲಕ್ಕೆ ಎತ್ತಿ ಕಾಲುವೆಗೆ ಹಾಕಿದರೇನೇ ಬೇಸಾಯ. ಅದಕ್ಕೆ ಪೆಟ್ಟಿ, ಪರ ಎಂಬ ಮರದ ಪಂಪು ಬಳಸುತ್ತಿದ್ದರು. ಈ ಬೇಸಾಯ ಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಅತ್ತೆ ಗದ್ದೆ ಕೆಲಸ ಮಾಡಿ ಬೆಳೆದವರು. ಅವರು ಬೋಟಿನಲ್ಲಿ ಎದ್ದು ನಿಂತು ಬದುವಿನ ಆಚೆ ಬಗ್ಗಿ ನೋಡಿದರು. "ಬದು ಒಡೆದರೆ ಏನು ಗತಿ ಇವರದ್ದು" ಎಂದರು. ಮೊಮ್ಮಗಳಿಗೆ ಊರಿನ ಗದ್ದೆಯ ಬದು ಕಟ್ಟಿದ ಕಥೆ ಶುರುವಾಯಿತು, ನೆಡುಮುಡಿವರೆಗೂ ಮುಗಿಯಲಿಲ್ಲ.

ಉಳಿದ ಹೊತ್ತಿಗೆ ಆಟ ಬೇಕಾದರೆ ಮಿಂಚುಳ್ಳಿ ಎಣಿಸಿ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುವುದು ಕಾಣುತ್ತದೆ. ಅದೃಷ್ಟ ಇದ್ದರೆ ದೋಣಿಯಲ್ಲಿ ನಿಂತು ಸಾವಿರ ಬಾತುಕೋಳಿ ಮೇಯಿಸುವವರೂ ಸಿಗುತ್ತಾರೆ.

ಹೆಜ್ಜೆ 7: ಹೌಸ್‌ಬೋಟ್ ಹತ್ತಬೇಕಾ?

ಹಗಲು ಹತ್ತಿ. ರಾತ್ರಿ ಉಳಿಯಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ಮೊದಲ ಸಲ ನಾವು ರಾತ್ರಿಗೆ ಬುಕ್ ಮಾಡಿದ್ದೆವು. ಮಕ್ಕಳ ಜಾಕೆಟ್ ಇದೆ ಎಂದು ಫೋನಿನಲ್ಲಿ ಹೇಳಿದ್ದರು. ಹೋಗಿ ನೋಡಿದರೆ ಇರಲಿಲ್ಲ. ಮುಂಭಾಗದ ಕಟಾಂಜನದ ಕಂಬಿಗಳ ನಡುವೆ ನನ್ನ ಒಂದು ಗೇಣು ಸಲೀಸಾಗಿ ಹಿಡಿಯಿತು. ಅಷ್ಟು ಜಾಗದಲ್ಲಿ ಮಗುವಿನ ತಲೆ ದಾಟಿದರೆ ಮೈಯೂ ದಾಟುತ್ತದೆ. ಸಂಜೆ ಐದೂವರೆ ಹೊತ್ತಿಗೆ ದಡಕ್ಕೆ ಕಟ್ಟಿದರು. ರಾತ್ರಿ ಮೀನುಗಾರರು ಬಲೆ ಬೀಸುತ್ತಾರೆ, ಹಾಗಾಗಿ ಹೌಸ್‌ಬೋಟ್‌ಗಳು ಓಡುವಂತಿಲ್ಲ. ಅಂದರೆ ಸಂಜೆಯಿಂದ ಬೆಳಗಿನವರೆಗೆ ನಿಂತ ಬೋಟಿನಲ್ಲಿ, ಸೊಳ್ಳೆ ನಡುವೆ, ಎಚ್ಚರವಾದ ಮಗು ಬಾಗಿಲು ತೆಗೆಯುತ್ತದಾ ಎಂದು ನೋಡುತ್ತಾ ಕೂರುವುದು. ಎ.ಸಿ. ರಾತ್ರಿ ಒಂಬತ್ತರ ಮೇಲೆ ಮಾತ್ರ. ನಾನು ಆ ರಾತ್ರಿ ಕಣ್ಣು ಮುಚ್ಚಲಿಲ್ಲ.

ಆದರೆ ದೋಣಿ ನೋಡಲು ಬಹಳ ಚೆನ್ನಾಗಿರುತ್ತದೆ, ಅದನ್ನು ಮಕ್ಕಳಿಗೆ ತಪ್ಪಿಸಬೇಡಿ. ಹೌಸ್‌ಬೋಟ್‌ಗೆ ಅಲ್ಲಿ ಕೆಟ್ಟುವಳ್ಳಂ ಎನ್ನುತ್ತಾರೆ, ಅಂದರೆ ಕಟ್ಟಿದ ದೋಣಿ. ಅಂಜಿಲಿ ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುತ್ತಿದ್ದರು, ಮೊಳೆ ಇಲ್ಲದೆ. ಅಂಜಿಲಿ ಬೇರೇನೂ ಅಲ್ಲ, ನಮ್ಮ ಹೆಬ್ಬಲಸು. ತೋಟದಲ್ಲಿ ನೆರಳಿಗೆ ನಿಂತಿರುವ ಅದೇ ಮರ. ಭತ್ತ ಸಾಗಿಸುತ್ತಿದ್ದ ದೋಣಿಗಳೇ ಇವತ್ತು ಮನೆಗಳಾಗಿವೆ.

ಹಗಲಿಗೆ ಎರಡು ದಾರಿ ಇದೆ. ಮಕ್ಕಳು ನಾಲ್ಕರೊಳಗಿದ್ದರೆ ಶಿಕಾರ ದೋಣಿ ಎರಡು ಗಂಟೆಗೆ ಸಾಕು. ಮೇಲೆ ಮಾಡು, ಒಳಗೆ ಮೆತ್ತನೆ ಸೀಟು, ಬೇಕೆಂದಲ್ಲಿ ನಿಲ್ಲಿಸುತ್ತಾರೆ. ನಾಲ್ಕು ದಾಟಿದ ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಇದ್ದರೆ ಹಗಲಿನ ಹೌಸ್‌ಬೋಟ್. ಊಟ ಅದರಲ್ಲೇ, ಶೌಚಾಲಯ ಇರುತ್ತದೆ, ಮಕ್ಕಳು ಮಲಗಲು ಕೋಣೆಯೂ ಸಿಗುತ್ತದೆ. ದಲ್ಲಾಳಿಗಳ ಹಿಂದೆ ಹೋಗದೆ ಜೆಟ್ಟಿ ಹತ್ತಿರ ಇರುವ ಜಿಲ್ಲಾ ಪ್ರವಾಸೋದ್ಯಮ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ದುಡ್ಡು ಕೊಡುವ ಮೊದಲು ದೋಣಿಯನ್ನು ಕಣ್ಣಾರೆ ನೋಡಿ. ಕೆ.ಐ.ವಿ. ಎಂದು ಶುರುವಾಗುವ ನೋಂದಣಿ ಸಂಖ್ಯೆ ಬರೆದಿದೆಯಾ? ಎಷ್ಟು ಜನರಿಗೆ ಅನುಮತಿ? ಕಟಾಂಜನಕ್ಕೆ ಬಲೆ ಕಟ್ಟಿದೆಯಾ? ಮೇಲಿನ ಮಹಡಿಗೆ ಹೋಗುವ ಮೆಟ್ಟಿಲಿಗೆ ಬಾಗಿಲಿದೆಯಾ? ಒಂದಕ್ಕೆ ಉತ್ತರ ಸರಿ ಬರದಿದ್ದರೂ ಬೇರೆ ದೋಣಿ ನೋಡಿ. ಅಲ್ಲಿ ದೋಣಿಗೆ ಬರ ಇಲ್ಲ.

ಹೇಗೇ ಹೋದರೂ ದಿನಕ್ಕೆ ಒಂದು ಸಲ ನೀರು, ಅಷ್ಟೇ. ಬೆಳಿಗ್ಗೆ ಬೋಟು, ಸಂಜೆ ಶಿಕಾರ ಎಂದು ಹೊರಟರೆ ಮಕ್ಕಳಿಗಿಂತ ಮೊದಲು ದೊಡ್ಡವರ ಗಮನ ಸೋಲುತ್ತದೆ.

ಹೆಜ್ಜೆ 8: ಊಟ, ನೀರು, ಔಷಧಿ

ಊಟದ ಚಿಂತೆ ನಮಗೆ ಕಡಿಮೆ. ಇಡಿಯಪ್ಪಂ ಅಂದರೆ ನಮ್ಮ ನೂಲ್‌ಪುಟ್ಟು. ಅದಕ್ಕೆ ತೆಂಗಿನ ಹಾಲು, ಸಕ್ಕರೆ ಹಾಕಿದರೆ ಎಂಥ ಹಟದ ಮಗುವೂ ತಿನ್ನುತ್ತದೆ. ಪುಟ್ಟು ಬಾಳೆಹಣ್ಣು ಇನ್ನೊಂದು. ಮಧ್ಯಾಹ್ನ ದಪ್ಪ ಕೆಂಪು ಕುಚ್ಚಲಕ್ಕಿ ಅನ್ನ ಬರುತ್ತದೆ. ಅಭ್ಯಾಸ ಇಲ್ಲದ ಮಕ್ಕಳಿಗೆ ಬೆಳ್ತಿಗೆ ಅನ್ನ ಬೇಕೆಂದು ಮೊದಲೇ ಹೇಳಿ. "ಎರಿವು ವೇಂಡ" ಎಂದರೆ ಖಾರ ಬೇಡ. ಕರಿಮೀನು ರುಚಿ, ಆದರೆ ಮುಳ್ಳು ಜಾಸ್ತಿ, ಬಿಡಿಸಿ ಕೊಡಿ.

ಹೋಟೆಲಿನಲ್ಲಿ ಗುಲಾಬಿ ಬಣ್ಣದ ಬಿಸಿನೀರು ಕೊಟ್ಟರೆ ಹೆದರಬೇಡಿ. ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರದು. ಕುದಿಸಿದ್ದಾ ಎಂದು ಕೇಳಿಕೊಂಡು ಕುಡಿಸಿ. ಕೆಲವು ಕಡೆ ಕುದಿಸಿದ ನೀರಿಗೆ ತಣ್ಣೀರು ಬೆರೆಸುತ್ತಾರೆ.

ಕಾಲುವೆಯ ನೀರಿಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ, ಕೈಯದ್ದಿ ಬಾಯಿಗಿಡಲು ಬಿಡಬೇಡಿ. ಮಳೆಗಾಲದ ಹೊತ್ತಿಗೆ ಇಲಿ ಜ್ವರ ಇಲ್ಲಿ ಕಾಣಿಸಿಕೊಳ್ಳುತ್ತದೆ. ಕಾಲಿನಲ್ಲಿ ಗಾಯ ಇದ್ದರೆ ಇನ್ನೂ ಅಪಾಯ. ನಿಂತ ನೀರು ಮೂಗಿಗೆ ಹೋಗಿ ಮಿದುಳಿಗೆ ಹತ್ತುವ ಅಮೀಬಾ ಸೋಂಕು ಕೂಡ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ಜೀವ ತೆಗೆದಿದೆ. ಅಪರೂಪದ್ದೇ, ಆದರೆ ತಡೆಯುವುದು ಸುಲಭ, ನೀರಿಗೆ ಇಳಿಸದಿದ್ದರೆ ಆಯಿತು.

ಓ.ಆರ್.ಎಸ್. ಪೊಟ್ಟಣ, ಜ್ವರದ ಸಿರಪ್, ಸೊಳ್ಳೆ ಕ್ರೀಮು, ತೆಳು ಹತ್ತಿ ಬಟ್ಟೆ ಇರಲಿ. ಕಡಲತೀರದ ಕಡೆ ಮಹಿಳೆಯರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ ಇದೆ. ವೈದ್ಯಕೀಯ ಕಾಲೇಜು ಊರಿನ ದಕ್ಷಿಣಕ್ಕೆ ವಂಡಾನಂನಲ್ಲಿದೆ. ಆಂಬುಲೆನ್ಸ್‌ಗೆ 108, ತುರ್ತಿಗೆ 112.

ಹೆಜ್ಜೆ 9: ಮೂರನೇ ದಿನ ನೆಲದ ಮೇಲೆ

ಉತ್ತರಕ್ಕೆ ಕಲವೂರಿನಲ್ಲಿ ಕಾಯರ್ ಬೋರ್ಡಿನ ನಾರಿನ ಮ್ಯೂಸಿಯಂ ಇದೆ. 1859ರಲ್ಲಿ ಡರಾ ಸ್ಮೇಲ್ ಕಂಪನಿ ಇಲ್ಲಿ ನಾರಿನ ಚಾಪೆ ಕಾರ್ಖಾನೆ ಹಾಕಿದ ಮೇಲೆ ಆಲಪ್ಪುಳದ ಹೆಸರು ಪ್ರಪಂಚಕ್ಕೆ ಹಬ್ಬಿತು. ಒಂದು ಗಂಟೆ ಸಾಕು. ತೆಂಗಿನ ಸಿಪ್ಪೆ ಹೇಗೆ ಹಗ್ಗವಾಗುತ್ತದೆ ಎಂದು ಮಕ್ಕಳು ಕಣ್ಣು ಬಿಟ್ಟು ನೋಡುತ್ತಾರೆ.

ಇಲ್ಲವಾದರೆ ದಕ್ಷಿಣಕ್ಕೆ ಅಂಬಲಪ್ಪುಳ, ಸುಮಾರು 14 ಕಿಲೋಮೀಟರ್. ಶ್ರೀಕೃಷ್ಣನ ದೇವಸ್ಥಾನ, ಪಾಲ್ಪಾಯಸಕ್ಕೆ ಹೆಸರುವಾಸಿ. ಗಂಡಸರು ಅಂಗಿ ತೆಗೆದು ಹೋಗಬೇಕು, ಪಂಚೆ ಇಟ್ಟುಕೊಳ್ಳಿ. ಪಾಯಸಕ್ಕೆ ಒಂದು ಕಥೆ ಇದೆ. ಕೃಷ್ಣ ಸಾಧುವಿನ ವೇಷದಲ್ಲಿ ಬಂದು ರಾಜನ ಜೊತೆ ಚದುರಂಗ ಆಡಿದ. ಗೆದ್ದರೆ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿ ಕೇಳಿದ. ರಾಜ್ಯದ ಅಕ್ಕಿಯೆಲ್ಲ ಸಾಲಲಿಲ್ಲ. ಆ ಸಾಲ ತೀರಿಸಲು ಇಂದಿಗೂ ಪಾಯಸ ಕೊಡುತ್ತಾರಂತೆ. ಆರು ವರ್ಷದ ಮಗುವಿಗೆ ಕಾಫಿ ಬೀಜ ಇಟ್ಟು ಮನೆಯಲ್ಲಿ ಲೆಕ್ಕ ಹಾಕಿಸಿ ನೋಡಿ. ನಮ್ಮವಳು ಹತ್ತನೇ ಮನೆಗೆ ಬರುವಾಗ ಅಡುಗೆಮನೆಯ ನೆಲ ತುಂಬಿತ್ತು.

ಹೆಜ್ಜೆ 10: ವಾಪಸ್ ಬರುವಾಗ

ಎಕ್ಸಿಕ್ಯೂಟಿವ್ ಎಕ್ಸ್‌ಪ್ರೆಸ್ ಮಧ್ಯಾಹ್ನದ ಮೇಲೆ ಆಲಪ್ಪುಳ ಬಿಟ್ಟು ರಾತ್ರಿ ತಡವಾಗಿ ಕಣ್ಣೂರು ಮುಟ್ಟುತ್ತದೆ. ಮನೆ ಹತ್ತಿರ ಬಂದಿತು ಎಂದು ಆ ರಾತ್ರಿಯೇ ಘಾಟಿ ಹತ್ತಬೇಡಿ. ಕತ್ತಲಲ್ಲಿ ಮಾಕುಟ್ಟದ ರಸ್ತೆಗೆ ಆನೆ ಬರುತ್ತದೆ, ಸುಸ್ತಾದ ಡ್ರೈವರ್, ಮಲಗಿದ ಮಕ್ಕಳು. ಕಣ್ಣೂರಿನ ರೂಮನ್ನು ಹೋಗುವಾಗಲೇ ಎರಡು ರಾತ್ರಿಗೆ ಹೇಳಿಡಿ, ಹೋಗುವ ದಿನಕ್ಕೊಂದು, ಬರುವ ದಿನಕ್ಕೊಂದು. ಲೈಫ್ ಜಾಕೆಟ್ ಹಸಿಯಾಗಿದ್ದರೆ ಅಲ್ಲೇ ಫ್ಯಾನಿನ ಕೆಳಗೆ ಹರಡಿ. ನಮ್ಮ ಕಡೆ ತಂದು ಒಣಗಿಸುತ್ತೇನೆ ಎಂದರೆ ಬೂಸ್ಟು ಹಿಡಿಯುತ್ತದೆ.

ಬೆಳಿಗ್ಗೆ ತಿಂಡಿ ತಿಂದು ಹೊರಡಿ. ಕೂಟುಪುಳ ದಾಟಿ ಘಾಟಿ ಏರುತ್ತಾ ಗಾಳಿ ತಣ್ಣಗಾಗುತ್ತದೆ, ಮಕ್ಕಳಿಗೆ ಸ್ವೆಟರ್ ಮೇಲೆಯೇ ಇಟ್ಟಿರಿ. ಕಳೆದ ಸಲ ಪೆರುಂಬಾಡಿ ಹತ್ತಿರ ಕಾರು ನಿಲ್ಲಿಸಿದಾಗ ಮಗಳು ಕಿಟಕಿ ಇಳಿಸಿ ಕಿವಿಗೊಟ್ಟಳು. ಕೆಳಗೆಲ್ಲೋ ಕಾಡಿನೊಳಗೆ ನೀರು ಬೀಳುವ ಸದ್ದು. "ಇದು ಹೇಳ್ಕೊಂಡು ಬರುವ ನೀರು ಅಲ್ವಾ ಅಮ್ಮ?" ಎಂದಳು.